ಕರಾವಳಿಯ ಹಲಸು, ಜತ್ತದ ಜಾಲಿ: ಮರದ ಕಿಟಕಿಯ ಚರಿತ್ರೆ

ಜತ್ತ ತಾಲ್ಲೂಕಿನಲ್ಲಿ ಕಿಟಕಿಗೆ ಕಿಡಕಿ ಎನ್ನುತ್ತಾರೆ, ದಾರಂದಕ್ಕೆ ಚೌಕಟ್ಟು, ತಿರುಗಣಿಗೆ ಬಿಜಾಗರಿ. ನನ್ನ ತಂದೆ ಬಂಟ್ವಾಳ ಕಡೆಯಿಂದ ಬಂದು ಇಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಾಗ ಮೊದಲು ಕಲಿತದ್ದು ಈ ಮೂರು ಶಬ್ದಗಳನ್ನಂತೆ. ಸಾಂಗಲಿ ಜಿಲ್ಲೆ ಮಹಾರಾಷ್ಟ್ರದಲ್ಲಿದ್ದರೂ ಜತ್ತದ ಪೂರ್ವದ ಹಳ್ಳಿಗಳ ಮನೆಮಾತು ಕನ್ನಡವೇ. ಆದರೆ ಒಂದೇ ಭಾಷೆಯ ಎರಡು ಸೀಮೆಗಳ ಕಿಟಕಿಗಳು ಒಂದೇ ರೀತಿ ಇಲ್ಲ. ಏಕಿಲ್ಲ ಎಂಬುದು ಈ ಲೇಖನದ ವಿಷಯ. ಹೊಸ ಮನೆಗೆ ಮರದ ಕಿಟಕಿ ಇಡಿಸಬೇಕೆಂದಿರುವವರಿಗೂ ಇದರಿಂದ ಉಪಯೋಗವಾದೀತು.

ಮೊದಲು ಕರಾವಳಿ. ಬ್ಯಾರಿ ಎಂಬ ಹೆಸರು ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರದಿಂದ ಬಂತೆಂದು ಹೇಳುವುದುಂಟು. ಆ ವ್ಯಾಪಾರದಲ್ಲಿ ಮರವೂ ಸೇರಿತ್ತು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗೆ ಸಾಗುವಾನಿ ಕಂಬಗಳನ್ನೂ ಕೆತ್ತನೆಯನ್ನೂ ಕಂಡವರಿಗೆ ನಮ್ಮ ಹಿರಿಯರಿಗೆ ಮರದ ಗುಣ ಎಷ್ಟು ಗೊತ್ತಿತ್ತೆಂದು ಹೇಳಬೇಕಾಗಿಲ್ಲ. ಹಾಗಿದ್ದೂ ನಮ್ಮ ಹಳೆಯ ಮನೆಗಳ ಕಿಟಕಿ ಹೆಚ್ಚಾಗಿ ಹಲಸಿನದು, ಹೆಬ್ಬಲಸಿನದು, ಕಿರಾಲುಬೋಗಿಯದು. ಘಟ್ಟದಲ್ಲಿ ಸಾಗುವಾನಿ ಇರುವಾಗ ಹೀಗೇಕೆ?

ಒಂದು ಕಾರಣ, ಹಲಸು ಹಿತ್ತಲಲ್ಲೇ ಇತ್ತು. ಇನ್ನೊಂದು, ಸಾಗುವಾನಿಯ ಮೇಲೆ ಸರಕಾರದ ಕಣ್ಣಿತ್ತು. ಮುಂಬಯಿಯ ಹಡಗುಕಟ್ಟೆಗೆ ಮಲಬಾರಿನ ಸಾಗುವಾನಿ ಬೇಕಾಗಿತ್ತು. ಅದಕ್ಕಾಗಿ ಈಸ್ಟ್ ಇಂಡಿಯಾ ಕಂಪನಿ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನನ್ನು ಅರಣ್ಯ ಸಂರಕ್ಷಕನಾಗಿ ನೇಮಿಸಿತು. ಆ ಕಾಲದಲ್ಲಿ, 1817ರಲ್ಲಿ, ಮುಂಬಯಿಯಲ್ಲಿ ಸಾಗುವಾನಿಯಿಂದ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ಇಂದಿಗೂ ನೀರಿನ ಮೇಲಿದೆ. ಜನರ ದೂರು ಹೆಚ್ಚಿದ್ದರಿಂದ 1823ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿದ. ಮುಂದೆ 1882ರ ಮದ್ರಾಸ್ ಅರಣ್ಯ ಕಾಯ್ದೆ ಬಂದು ಬೇಲಿ ಮತ್ತೆ ಬಿಗಿಯಾಯಿತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮುಳಿಹುಲ್ಲಿನ ಮಾಡು ಹೋಗಿ ಹೆಂಚಿನ ಮಾಡು ಬಂತು, ಮಾಡಿನ ಪಕ್ಕಾಸಿಗೂ ಮರ ಬೇಕಾಯಿತು. ಕಿಟಕಿಗೆ ಹಿತ್ತಲಿನ ಹಲಸೇ ಗತಿಯಾಯಿತು. ಅದೇನೂ ಕಡಿಮೆ ಮರವಲ್ಲ. ಹಳದಿ ಬಣ್ಣ ವರ್ಷ ಕಳೆದಂತೆ ಕಂದಾಗುತ್ತದೆ, ತಿರುಳಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ.

ಈಗ ಜತ್ತಕ್ಕೆ ಬರೋಣ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ. ಇಲ್ಲಿ ಅದರ ಕಾಲು ಭಾಗವೂ ಇಲ್ಲ. 1972ರ ಬರವನ್ನು ಹಿರಿಯರು ಇನ್ನೂ ಮರೆತಿಲ್ಲ. ಹೊಲದ ಬದುವಿನಲ್ಲಿ ನಿಲ್ಲುವ ದೊಡ್ಡ ಮರ ಎಂದರೆ ಜಾಲಿ ಮತ್ತು ಬೇವು. ಜಾಲಿ ಗಟ್ಟಿ ಮರ. ರಂಟೆ, ಕುಂಟೆ, ಗಾಡಿಯ ಗಾಲಿ ಎಲ್ಲ ಅದರದ್ದೇ. ಆದರೆ ಅದರಲ್ಲಿ ನೆಟ್ಟಗೆ ಉದ್ದನೆಯ ಹಲಗೆ ಸಿಗುವುದು ಕಷ್ಟ. ಹೀಗಾಗಿ ಮಣ್ಣಿನ ಮಾಳಿಗೆ ಮನೆಯಲ್ಲಿ ಇದ್ದ ಮರವೆಲ್ಲ ತೊಲೆ, ಜಂತಿಗೆ ಹೋಯಿತು. ಎರಡಡಿ ದಪ್ಪದ ಗೋಡೆಗೆ ಸಣ್ಣ ಕಿಡಕಿ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಬಿಸಿಲು, ಧೂಳು, ಕಳ್ಳರು, ಮೂರನ್ನೂ ತಡೆಯಲು ಸಣ್ಣ ಕಿಡಕಿಯೇ ಒಳ್ಳೆಯದಾಗಿತ್ತು. ಹತ್ತಿರದ ವಿಜಯಪುರದ ಅಸರ್ ಮಹಲಿನಲ್ಲಿ ನಾಲ್ಕು ಎತ್ತರದ ಮರದ ಕಂಬಗಳಿವೆ. ಬಯಲುಸೀಮೆಯಲ್ಲಿ ಅಂಥ ಮರ ತರಿಸುವುದು ಬಾದಶಹರಿಗೆ ಸಾಧ್ಯ, ಒಕ್ಕಲಿಗನಿಗಲ್ಲ.

ಆಮೇಲೆ ದಾರಿಯೂ ಗಡಿಯೂ ಕಿಟಕಿಯನ್ನು ನಿರ್ಧರಿಸಿದವು. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. ದಾಂಡೇಲಿಯ ಕಾಡು ಅದರೊಳಗಿತ್ತು. ಜತ್ತ ಆಗ ಡಫಳೆ ಮನೆತನದ ಸಂಸ್ಥಾನ. 1927ರಲ್ಲಿ ಬಾರ್ಸಿ ಲೈಟ್ ರೈಲ್ವೆಯ ನ್ಯಾರೋಗೇಜ್ ಹಳಿ ಪಂಢರಪುರದಿಂದ ಮಿರಜ ಮುಟ್ಟಿತು. ‘ಜತ್ತ ರೋಡ್’ ನಿಲ್ದಾಣ ಆ ಹಳಿಯ ಮೇಲೆಯೇ ಇದೆ, ಪಟ್ಟಣದಿಂದ ಬಹಳ ದೂರ. ತೆಂಕಣ ಕಾಡಿನ ಮರ ರೈಲಿನಲ್ಲಿ ಬರಬೇಕಾದರೆ ಮಿರಜದಲ್ಲಿ ಮೀಟರ್‌ಗೇಜ್‌ನಿಂದ ಇಳಿಸಿ ಸಣ್ಣ ಗಾಡಿಗೆ ಏರಿಸಬೇಕಾಗಿತ್ತು. ಅಲ್ಲಿಂದ ಮತ್ತೆ ಎತ್ತಿನ ಬಂಡಿ. 1948ರಲ್ಲಿ ಸಂಸ್ಥಾನ ಮುಂಬಯಿಯಲ್ಲಿ ವಿಲೀನವಾಗಿ ಕಾಡೂ ಊರೂ ಒಂದೇ ರಾಜ್ಯವಾದವು. ಎಂಟೇ ವರ್ಷ. 1956ರಲ್ಲಿ ಉತ್ತರ ಕನ್ನಡವೂ ವಿಜಾಪುರವೂ ಮೈಸೂರು ರಾಜ್ಯಕ್ಕೆ ಹೋದವು, ಜತ್ತ ಆಚೆ ಉಳಿಯಿತು. ಅಂದಿನಿಂದ ದಾಂಡೇಲಿಯ ತೊಲೆ ಇಲ್ಲಿಗೆ ಬರಲು ರಾಜ್ಯದ ಗಡಿ ದಾಟಬೇಕು, ರಹದಾರಿ ಬೇಕು. ಸ್ವಂತ ಜಾಗದ ಮರ ಕಡಿಯಲು ಮಹಾರಾಷ್ಟ್ರದಲ್ಲಿ 1964ರ ಕಾಯ್ದೆ, ಕರ್ನಾಟಕದಲ್ಲಿ 1976ರ ಕಾಯ್ದೆ. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ ಕಾಡಿನ ಕಡಿತಲೆ ಇನ್ನೂ ಬಿಗಿಯಾಯಿತು. 2014ರಲ್ಲಿ ಮ್ಯಾನ್ಮಾರ್ ದಿಮ್ಮಿ ರಫ್ತನ್ನು ನಿಲ್ಲಿಸಿತು. ಇಂದು ಅಡ್ಡೆಯಲ್ಲಿ ಸಿಗುವ ‘ಮಲೇಶಿಯಾ ಸಾಲ್’, ‘ಆಫ್ರಿಕಾ ಟೀಕ್’ ಬಂದದ್ದು ಈ ಚರಿತ್ರೆಯ ಕೊನೆಗೆ. ಹೆಸರು ನಂಬಿ ಕೊಳ್ಳಬೇಡಿ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಜಾತಿಯ ಮರ ಮಾರುತ್ತಾರೆ.

ನಮ್ಮ ಮನೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಕಳೆದ ವರ್ಷ ಬಂಟ್ವಾಳದ ತರವಾಡು ಮನೆ ಪಾಲಾಗಿ ಕೆಡವಿದರು. ತಂದೆಯ ಪಾಲಿಗೆ ಬಂದದ್ದರಲ್ಲಿ ನಾಲ್ಕು ಹಲಸಿನ ಕಿಟಕಿಗಳು. ಇಲ್ಲಿ ನಾವು ಕಟ್ಟಿಸುತ್ತಿದ್ದ ಮನೆಗೆ ಅವನ್ನೇ ಇಡಬೇಕೆಂದು ತಂದೆ, ಬಿಸಿಲಿಗೆ ಸೀಳಿಹೋಗುತ್ತದೆ ಎಂದು ಗುತ್ತಿಗೆದಾರ. ಉಮ್ಮ ಮಾತ್ರ, “ಅಲ್ಲಿ ಬಿಟ್ಟರೆ ಒಲೆಗೆ ಹೋಗುತ್ತದೆ, ಮೊದಲು ತನ್ನಿ” ಎಂದರು.

ಗುತ್ತಿಗೆದಾರನ ಮಾತಿನಲ್ಲಿ ಅರ್ಥವಿತ್ತು. ಮರ ಸುತ್ತಲಿನ ಗಾಳಿಗೆ ತಕ್ಕಷ್ಟು ನೀರು ಇಟ್ಟುಕೊಳ್ಳುತ್ತದೆ. ಅದಕ್ಕೇ ಭಾರತೀಯ ಮಾನಕ 287 ದೇಶವನ್ನು ಗಾಳಿಯ ತೇವದ ಪ್ರಕಾರ ನಾಲ್ಕು ವಲಯ ಮಾಡಿ, ಕಿಟಕಿಯ ಮರ ಎಷ್ಟು ಒಣಗಿರಬೇಕೆಂದು ಬೇರೆ ಬೇರೆಯಾಗಿ ಹೇಳುತ್ತದೆ. ಮರ ಒಣಗಿದಾಗ ಉದ್ದದಲ್ಲಿ ಕುಗ್ಗುವುದಿಲ್ಲ ಎಂದೇ ಹೇಳಬಹುದು, ಅಗಲದಲ್ಲಿ ಕುಗ್ಗುತ್ತದೆ. ಸಾಗುವಾನಿಯಂಥ ಸ್ಥಿರ ಮರದಲ್ಲೂ ಒಂದಡಿ ಹಲಗೆ, ಕರಾವಳಿಯ ಮಳೆಗಾಲದಿಂದ ಇಲ್ಲಿನ ಬೇಸಿಗೆಗೆ ಬಂದರೆ ಸುಮಾರು 4 ಮಿ.ಮೀ. ಕುಗ್ಗಬಹುದು. ಮೊಳೆ ಹೊಡೆದು ಅಂಟು ಹಾಕಿ ಬಿಗಿದಿದ್ದರೆ ಅದು ಸೀಳಲೇಬೇಕು.

ಆಗಸ್ಟಿನಲ್ಲಿ ಕಿಟಕಿಗಳು ಬಂದವು. ಗೋಡೆಗೆ ಇಡದೆ ಅಂಗಡಿಯ ಹಿಂದೆ ನೆರಳಲ್ಲಿ, ನಡುವೆ ಪಟ್ಟಿ ಕೊಟ್ಟು ಪೇರಿಸಿದೆವು. ಪ್ರತಿ ಶುಕ್ರವಾರ ಒಂದು ಬಾಗಿಲನ್ನು ಅಂಗಡಿಯ ತಕ್ಕಡಿಯ ಮೇಲಿಟ್ಟು ತೂಕ ಬರೆದೆ. ಮೊದಲ ದಿನ 9 ಕೆ.ಜಿ. 400 ಗ್ರಾಂ. ಇಳಿಯುತ್ತ ಇಳಿಯುತ್ತ ಮಾರ್ಚಿನಲ್ಲಿ 8 ಕೆ.ಜಿ. 750 ಗ್ರಾಂಗೆ ನಿಂತಿತು. ಒಂದೂ ಸೀಳಲಿಲ್ಲ. ಇಲ್ಲಿನ ಬಡಿಗ ಬಂದು ಹಲಗೆಯ ಅಂಚಿಗೆ ಉಗುರು ಹಾಕಿ ನೋಡಿ ನಕ್ಕ: “ಶೇಟ್ರ, ಮಾಡಿದಾಂವ ಶಾಣ್ಯಾ ಅದಾನ್ರಿ. ಹಲಗಿ ಅಳ್ಳಾಡಾಕ ಒಳಗ ಜಾಗಾ ಬಿಟ್ಟಾನ.” ಚೌಕಟ್ಟಿನ ಗಾಡಿಯೊಳಗೆ ಹಲಗೆಯನ್ನು ಅಂಟಿಲ್ಲದೆ ಕೂರಿಸಿದ್ದರು. ಹಲಗೆ ಕುಗ್ಗಿತ್ತು, ಗಾಡಿಯಿಂದ ಹೊರಗೆ ಬಂದಿರಲಿಲ್ಲ.

ಕೊಳ್ಳುವವರಿಗೆ ನನ್ನ ಮಾತು ಇಷ್ಟೇ. ಮರದ ಹೆಸರಿಗಿಂತ ಅದು ಒಣಗಿದೆಯೇ ಎಂದು ಮೊದಲು ನೋಡಿ. ಒಂದು ತುಂಡನ್ನು ವಾರವಾರ ತೂಗಿ, ತೂಕ ನಿಂತ ಮೇಲೆ ಕೆಲಸ ಹಿಡಿಸಿ. ಬಿಳಿ ಮರ ಬೇಡ, ತಿರುಳೇ ಇರಲಿ. ಗೋಡೆಗೆ ತಾಗುವ ಮುಖಕ್ಕೂ ಬಣ್ಣ ಬಳಿಸಿ. ಬಯಲುಸೀಮೆಯಲ್ಲಿ ಪಡುವಣ ಗೋಡೆಗೆ ಸಣ್ಣ ಕಿಟಕಿ, ಮೇಲೆ ಸಜ್ಜೆ. ಬಚ್ಚಲಿಗೆ ಅಲ್ಯೂಮಿನಿಯಂ ಹಾಕಿದರೆ ತಪ್ಪೇನಿಲ್ಲ, ನಾವೂ ಹಾಕಿದ್ದೇವೆ.

ಊರಲ್ಲಿ ಹಳೆಯ ಮನೆ ಕೆಡವುವವರಿಗೆ ಒಂದು ವಿನಂತಿ. ಕಿಟಕಿಗಳನ್ನು ಜೆಸಿಬಿ ಬರುವ ಮೊದಲು ಬಿಚ್ಚಿಸಿ. ಯಾವ ಮರ, ಯಾರ ಹಿತ್ತಲಿನದು, ಯಾವ ಬಡಿಗ ಮಾಡಿದ್ದು ಎಂದು ಹಿರಿಯರನ್ನು ಕೇಳಿ ಬರೆದಿಡಿ. ನಮ್ಮ ನಾಲ್ಕು ಕಿಟಕಿ ಮಾಡಿದವರ ಹೆಸರು ತಂದೆಗೂ ತಿಳಿದಿಲ್ಲ. ಕೇಳಲು ಈಗ ಅಲ್ಲಿ ಹಿರಿಯರು ಯಾರೂ ಉಳಿದಿಲ್ಲ.