ಗಿಟಾರ್ ತಯಾರಿಕೆ: ಅಂಟು ಹಿಡಿಸಲು ಅಗ್ಗದ ಒತ್ತುಕಡ್ಡಿ

ಅಕೌಸ್ಟಿಕ್ ಗಿಟಾರಿನ ತೆಳುವಾದ ಮೇಲುಹಲಗೆಯ ಒಳಮೈಗೆ ಆಧಾರಪಟ್ಟಿಗಳನ್ನು ಅಂಟಿಸುವಾಗ ನಡುಭಾಗಕ್ಕೆ ಸಾಮಾನ್ಯ ಕ್ಲಾಂಪ್ ಎಟುಕುವುದು ಕಷ್ಟ. ಆಗ ನೆರವಾಗುವುದು 'ಗೋ-ಬಾರ್' ಎಂಬ ಒತ್ತುಕಡ್ಡಿ. ಮೇಲೆ ಕೆಳಗೆ ಗಟ್ಟಿ ಹಲಗೆಗಳಿರುವ ಚೌಕಟ್ಟಿನೊಳಗೆ ಗಿಟಾರಿನ ಭಾಗವನ್ನಿಟ್ಟು, ಅಂತರಕ್ಕಿಂತ ತುಸು ಉದ್ದದ ಕಡ್ಡಿಯನ್ನು ಬಾಗಿಸಿ ನಿಲ್ಲಿಸಿದರೆ, ಅದು ನೆಟ್ಟಗಾಗಲು ಯತ್ನಿಸುತ್ತ ಪಟ್ಟಿಯನ್ನು ಒತ್ತಿ ಹಿಡಿಯುತ್ತದೆ.

ಇದಕ್ಕೆ ದುಬಾರಿ ಕಡ್ಡಿಯೇ ಬೇಕೆಂದಿಲ್ಲ. ಅಮೆರಿಕದ ಹಿಮಪ್ರದೇಶಗಳಲ್ಲಿ ಮನೆದಾರಿಯ ಅಂಚು ಗುರುತಿಸಲು ನೆಡುವ ಫೈಬರ್‌ಗ್ಲಾಸ್ ಕಡ್ಡಿಗಳನ್ನು ಕತ್ತರಿಸಿ ಬಳಸುವುದುಂಟು. ಗಂಟಿಲ್ಲದ ಮರದ ಪಟ್ಟಿ, ಬಿದಿರಿನ ಸೀಳೂ ಆದೀತು. ಆದರೆ ಎಲ್ಲ ಕಡ್ಡಿಗಳೂ ಸಮದಪ್ಪವಿರಬೇಕು. ಅದೇ ಉದ್ದದ ಕಡ್ಡಿಯ ವ್ಯಾಸ ಇಮ್ಮಡಿಯಾದರೆ ಒತ್ತಡ ಸುಮಾರು 16 ಪಟ್ಟಾಗಿ, ಮೃದುವಾದ ಮರಕ್ಕೆ ಗುಳಿ ಬೀಳಬಹುದು. ಫೈಬರ್‌ಗ್ಲಾಸಿನ ಸಿಬಿರು, ಧೂಳು ಅಪಾಯಕಾರಿ. ಕೈಗವಸು, ಮುಖಗವಸು, ಕನ್ನಡಕ ಅವಶ್ಯ. ತುದಿಗಳಿಗೆ ರಬ್ಬರ್ ಟೊಪ್ಪಿ ತೊಡಿಸಿದರೆ ಕಡ್ಡಿ ಜಾರದು.