ಕಾರಿನ ಹಾಡಿನ ಸೆಟ್ಟು: ದುಡ್ಡು ಯಾವುದಕ್ಕೆ ಹಾಕಬೇಕು

ಚನ್ನಗಿರಿಯ ಅಡಿಕೆ, ಹೊನ್ನಾಳಿ–ನ್ಯಾಮತಿ ಕಡೆಯ ಭತ್ತ, ಜಗಳೂರಿನ ಮೆಕ್ಕೆಜೋಳ. ಬೆಳೆಯ ದುಡ್ಡು ಕೈಗೆ ಬಂದ ವರ್ಷ ಎಷ್ಟೋ ಮನೆಗಳ ಮುಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂದು ನಿಲ್ಲುತ್ತದೆ. ಅದರ ಬೆನ್ನಿಗೇ ಬರುವ ಖರ್ಚು ಹಾಡಿನ ಸೆಟ್ಟಿನದು. ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಿ ಹಾಕಿಸಿಕೊಂಡು ಬಂದವರ ಕಾರಿನಲ್ಲಿ ಕೂತಾಗೆಲ್ಲ ನನಗೆ ಕಾಣುವುದು ಒಂದೇ ಸಂಗತಿ: ದುಡ್ಡೆಲ್ಲ ಕಣ್ಣಿಗೆ ಕಾಣುವ ಕಡೆ ಹೋಗಿರುತ್ತದೆ, ಕಿವಿಯ ಪಾಲಿಗೆ ಏನೂ ಉಳಿದಿರುವುದಿಲ್ಲ.

ಸೆಟ್ಟಿನ ಭಾಗಗಳು

ಡ್ಯಾಶ್‌ಬೋರ್ಡಿನಲ್ಲಿ ಕೂರುವ ಸ್ಟೀರಿಯೊ, ಬಾಗಿಲಿನ ಸ್ಪೀಕರ್, ಬೇಕೆಂದರೆ ಆಂಪ್ಲಿಫೈಯರ್, ಅದರ ಮೇಲೂ ಬೇಕೆಂದರೆ ವೂಫರ್. ಇವನ್ನು ಜೋಡಿಸುವ ವೈರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಅದೂ ಒಂದು ಭಾಗವೇ. ಸ್ಟೀರಿಯೊ ಎರಡು ಅಳತೆಯಲ್ಲಿ ಬರುತ್ತದೆ: ಸುಮಾರು 50 ಮಿಲಿಮೀಟರ್ ಎತ್ತರದ ಸಿಂಗಲ್ ಡಿನ್, 100 ಮಿಲಿಮೀಟರ್ ಎತ್ತರದ ಡಬಲ್ ಡಿನ್. ಅಗಲ ಎರಡಕ್ಕೂ ಸುಮಾರು 180 ಮಿಲಿಮೀಟರ್. ನಿಮ್ಮ ಕಾರಿನಲ್ಲಿ ಯಾವುದಕ್ಕೆ ಜಾಗವಿದೆ ಎಂದು ನೋಡಿಕೊಂಡೇ ಅಂಗಡಿಗೆ ಹೋಗಿ.

ಡಬ್ಬಿಯ ಮೇಲಿನ ವ್ಯಾಟ್

ಸ್ಟೀರಿಯೊ ಡಬ್ಬಿಯ ಮೇಲೆ '4×50 ವ್ಯಾಟ್' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಒಂದು ಸಣ್ಣ ಲೆಕ್ಕ ಹಾಕೋಣ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. ಸಾಮಾನ್ಯ ಸ್ಪೀಕರಿನ ಪ್ರತಿರೋಧ 4 ಓಮ್. ಇಷ್ಟು ವೋಲ್ಟೇಜಿನಲ್ಲಿ, ಏನೂ ನಷ್ಟವಾಗದೆ ಹೋದರೂ, ಒಂದು ಸ್ಪೀಕರಿಗೆ ಶುದ್ಧವಾಗಿ ಕೊಡಲು ಸಾಧ್ಯವಿರುವುದು 26 ವ್ಯಾಟಿನೊಳಗೆ. ನಿಜದಲ್ಲಿ ಸಿಗುವುದು 15ರಿಂದ 20. ಕ್ಷಣಮಾತ್ರದ ಗರಿಷ್ಠ ಅಂಕಿಯನ್ನು ದೊಡ್ಡದಾಗಿ ಅಚ್ಚು ಹಾಕಿ, ನಿರಂತರವಾಗಿ ಕೊಡುವ ಶಕ್ತಿಯನ್ನು ಅಂದರೆ ಆರ್‌ಎಂಎಸ್ ಅಂಕಿಯನ್ನು ಮೂಲೆಯಲ್ಲಿ ಸಣ್ಣದಾಗಿ ಬರೆದಿರುತ್ತಾರೆ. ಕೊಳ್ಳುವವರು ಹುಡುಕಬೇಕಾದ್ದು ಆ ಸಣ್ಣ ಅಕ್ಷರವನ್ನು. ಆರ್‌ಎಂಎಸ್ ಬರೆದೇ ಇಲ್ಲದ ಆಂಪ್ಲಿಫೈಯರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ.

ಸ್ಪೀಕರ್

ಸ್ಟೀರಿಯೊದಿಂದ ಬರುವುದು 15–20 ವ್ಯಾಟ್ ಎಂದ ಮೇಲೆ, ಅಷ್ಟರಲ್ಲೇ ಗಟ್ಟಿಯಾಗಿ ಹಾಡುವ ಸ್ಪೀಕರ್ ಬೇಕು. ಇದನ್ನು ಹೇಳುವ ಅಂಕಿಯೇ ಸೆನ್ಸಿಟಿವಿಟಿ, ಡೆಸಿಬೆಲ್‌ನಲ್ಲಿರುತ್ತದೆ. 3 ಡೆಸಿಬೆಲ್ ಹೆಚ್ಚಿದ್ದರೆ ಅರ್ಧ ಶಕ್ತಿಗೇ ಅಷ್ಟೇ ಸದ್ದು ಬರುತ್ತದೆ. 89ರ ಸ್ಪೀಕರಿಗೆ 40 ವ್ಯಾಟ್ ಬೇಕಾದ ಕಡೆ 92ರದ್ದಕ್ಕೆ 20 ಸಾಕು. ಆಂಪ್ಲಿಫೈಯರ್ ಇಲ್ಲದವರು ಮೊದಲು ನೋಡಬೇಕಾದ್ದೇ ಇದನ್ನು.

ತೀಕ್ಷ್ಣ ಸ್ವರದ ಸಣ್ಣ ಸ್ಪೀಕರ್, ಅಂದರೆ ಟ್ವೀಟರ್, ದೊಡ್ಡದರ ನಡುವಿನಲ್ಲೇ ಕೂತಿರುವುದು ಕೋಆಕ್ಸಿಯಲ್. ಟ್ವೀಟರ್ ಬೇರೆ, ದೊಡ್ಡ ಸ್ಪೀಕರ್ ಬೇರೆ, ನಡುವೆ ಸ್ವರಗಳನ್ನು ಹಂಚಿ ಕಳಿಸುವ ಕ್ರಾಸ್‌ಓವರ್ ಇರುವುದು ಕಾಂಪೊನೆಂಟ್. ಕಾಂಪೊನೆಂಟ್‌ನಲ್ಲಿ ಟ್ವೀಟರನ್ನು ಕಿವಿಯ ಎತ್ತರಕ್ಕೆ ಕೂರಿಸಬಹುದು, ಹಾಡುವವರ ದನಿ ಮೊಣಕಾಲಿನ ಬಳಿಯಿಂದ ಬರುವ ಬದಲು ಮುಂದಿನ ಗಾಜಿನಿಂದ ಬಂದಂತೆ ಕೇಳುತ್ತದೆ. ಆದರೆ ಅಗ್ಗದ ಕಾಂಪೊನೆಂಟ್‌ಗಿಂತ ಅದೇ ಬೆಲೆಯ ಒಳ್ಳೆಯ ಕೋಆಕ್ಸಿಯಲ್ ಮೇಲು ಎಂಬುದು ನನ್ನ ಅಭಿಪ್ರಾಯ. ಹಿಂದಿನ ಬಾಗಿಲಿಗೆ ಸದ್ಯಕ್ಕೆ ಏನೂ ಬೇಡ. ನಾಲ್ಕು ಸಾಧಾರಣ ಸ್ಪೀಕರಿಗಿಂತ ಮುಂದಿನ ಎರಡು ಒಳ್ಳೆಯವು ಮೇಲು.

ಬಾಗಿಲೇ ಪೆಟ್ಟಿಗೆ

ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆಯಿದೆ. ಕಾರಿನಲ್ಲಿ ಬಾಗಿಲೇ ಆ ಪೆಟ್ಟಿಗೆ. ಜಗಳೂರು ಕಡೆ ಓಡಾಡಿದ ಒಂದು ಹಳೆಯ ಕಾರಿನ ಬಾಗಿಲಿನ ಪ್ಯಾಡ್ ಬಿಚ್ಚಿದಾಗ ನೋಡಿದ್ದು ಇದು: ಒಳಗಿನ ಪ್ಲಾಸ್ಟಿಕ್ ಹಾಳೆ ಅರ್ಧ ಹರಿದು ಜೋತುಬಿದ್ದಿತ್ತು, ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ಕಿಂಡಿಗಳಿದ್ದವು, ಹಳೆಯ ಸ್ಪೀಕರಿನ ಕಾಗದದ ಮೇಲೆ ಬೆರಳು ಎಳೆದರೆ ಕೆಂಪು ಧೂಳಿನಲ್ಲಿ ಗೆರೆ ಮೂಡುತ್ತಿತ್ತು. ಸ್ಪೀಕರಿನ ಹಿಂದಿನ ಗಾಳಿ ಆ ಕಿಂಡಿಗಳಿಂದ ಮುಂದಕ್ಕೆ ಬಂದು ಮುಂದಿನ ಗಾಳಿಯನ್ನು ಹೊಡೆದುಹಾಕುತ್ತದೆ. ಬೇಸ್ ಸತ್ತುಹೋಗುವುದು ಅಲ್ಲೇ. ಕಿಂಡಿಗಳನ್ನು ಮುಚ್ಚಿ, ಹೊರ ತಗಡಿನ ಒಳಮೈಗೆ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿ, ಸ್ಪೀಕರಿನ ಸುತ್ತ ಫೋಮ್ ಪಟ್ಟಿ ಹಾಕಿದ ಮೇಲೆ ಅದೇ ಸ್ಪೀಕರಿನಿಂದ ತಬಲಾದ ಎಡಗೈ ಪೆಟ್ಟು ದುಂಡಗೆ ಕೇಳಿತು. ಬಾಗಿಲಿನ ಕೆಳಗಿನ ನೀರು ಇಳಿಯುವ ತೂತನ್ನು ಮಾತ್ರ ಮುಚ್ಚಬಾರದು. ಮುಚ್ಚಿದರೆ ಮಳೆಗಾಲದಲ್ಲಿ ತುಕ್ಕು ಖಂಡಿತ.

ಆಂಪ್ಲಿಫೈಯರ್, ವೈರು, ಫ್ಯೂಸು

ಆಂಪ್ಲಿಫೈಯರನ್ನು ಎರಡನೇ ಕಂತಿನ ಖರ್ಚಾಗಿ ಇಟ್ಟುಕೊಳ್ಳಿ. ಚಾನೆಲ್‌ಗೆ 50 ವ್ಯಾಟ್ ಆರ್‌ಎಂಎಸ್‌ನ ನಾಲ್ಕು ಚಾನೆಲ್ ಆಂಪ್ ಬೇಕಾದಷ್ಟಾಯಿತು. ಪೂರ್ತಿ ದುಡಿಯುವಾಗ ಹಳೆಯ ಎಬಿ ವರ್ಗದ್ದು ಸುಮಾರು 26 ಆಂಪಿಯರ್ ಎಳೆದರೆ ಡಿ ವರ್ಗದ್ದು 18ರ ಆಸುಪಾಸಿನಲ್ಲಿ ಮುಗಿಸುತ್ತದೆ. 35 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿಯ ಕಾರಿಗೆ ಡಿ ವರ್ಗದ್ದೇ ಒಳ್ಳೆಯದು.

ವೈರಿನ ವಿಷಯದಲ್ಲಿ ದಯವಿಟ್ಟು ಚೌಕಾಸಿ ಮಾಡಬೇಡಿ. ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದ ವೈರು ನೋಡಲು ತಾಮ್ರದ್ದೇ. ಅದೇ ದಪ್ಪಕ್ಕೆ ಕಡಿಮೆ ಕರೆಂಟ್ ಹೊರುತ್ತದೆ, ಹೆಚ್ಚು ಬಿಸಿಯಾಗುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. ಅದು ಕಾಯುವುದು ಆಂಪನ್ನಲ್ಲ, ವೈರಿಗೆ ಬೆಂಕಿ ಹೊತ್ತದಂತೆ ಕಾರನ್ನು. ಪವರ್ ವೈರು ಕಾರಿನ ಒಂದು ಪಕ್ಕದಲ್ಲಿ ಹೋದರೆ ಹಾಡಿನ ಆರ್‌ಸಿಎ ಕೇಬಲ್ ಇನ್ನೊಂದು ಪಕ್ಕದಲ್ಲಿ ಹೋಗಲಿ. ಜೊತೆಗೆ ಎಳೆದರೆ, ಗ್ರೌಂಡ್ ಸಡಿಲವಾಗಿದ್ದರಂತೂ, ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ಪೀಕರಿನಲ್ಲಿ ಕುಂಯ್ ಎಂಬ ದನಿ ಏರುತ್ತದೆ.

ವೂಫರ್

ಡಿಕ್ಕಿಯಲ್ಲಿ ಗೊಬ್ಬರದ ಚೀಲ, ಸಂತೆಯ ಸಾಮಾನು ಹೇರುವವರಿಗೆ 12 ಇಂಚಿನ ಬೇಸ್ ಟ್ಯೂಬ್ ಅಡ್ಡಿಯೇ. ಸೀಟಿನ ಕೆಳಗೆ ಕೂರುವ 8 ಇಂಚಿನ, ಒಳಗೇ ಆಂಪ್ ಇರುವ ವೂಫರ್ ಸಾಕು. ವೂಫರನ್ನು ಜೋರು ಮಾಡುವ ಮುಂಚೆ ಇದೂ ನೆನಪಿರಲಿ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಹೊತ್ತಿಗೆ ಶಬ್ದಮಾಲಿನ್ಯದ 2000ದ ನಿಯಮಗಳು ಜನವಸತಿಯಲ್ಲಿ ಇಟ್ಟಿರುವ ಮಿತಿ 45 ಡೆಸಿಬೆಲ್.

ರೇಡಿಯೊ

ಈ ಸೀಮೆಯ ರೇಡಿಯೊ ಎಂದರೆ 1965ರಲ್ಲಿ ಶುರುವಾದ ಆಕಾಶವಾಣಿ ಭದ್ರಾವತಿ, ಎಫ್‌ಎಂ 103.5, ಜಗಳೂರಿಗೆ ಪಕ್ಕದಲ್ಲೇ ಚಿತ್ರದುರ್ಗ, 102.6. ಹೊಸ ಸ್ಟೀರಿಯೊ ಹಾಕಿಸಿದ ಮೇಲೆ ರೇಡಿಯೊ ಬರುತ್ತಿಲ್ಲ ಎನ್ನುವವರು ಬಹಳ. ಎಷ್ಟೋ ಸಲ ಕಾರಣ ಒಂದು ನೀಲಿ ವೈರು: ಆಂಟೆನಾದಲ್ಲಿ ಬೂಸ್ಟರ್ ಇರುವ ಕಾರುಗಳಲ್ಲಿ ಅದಕ್ಕೆ ಕರೆಂಟ್ ಕೊಡುವ ವೈರನ್ನು ಜೋಡಿಸದೇ ಬಿಟ್ಟಿರುತ್ತಾರೆ. ಅಗ್ಗದ ಮೊಬೈಲ್ ಚಾರ್ಜರ್ ಕೂಡ ಎಫ್‌ಎಂನಲ್ಲಿ ಗೊರಗೊರ ಎಬ್ಬಿಸುತ್ತದೆ. ಕಿತ್ತು ನೋಡಿ.

15 ಸಾವಿರವಿದ್ದರೆ

ಸ್ಪೀಕರಿಗೆ 5 ಸಾವಿರ, ಸ್ಟೀರಿಯೊಗೆ 5 ಸಾವಿರ, ಡ್ಯಾಂಪಿಂಗ್, ಸ್ಪೀಕರ್ ಕೂರಿಸುವ ರಿಂಗ್, ವೈರು ಜೋಡಿಸುವ ಕಪ್ಲರ್, ಕೂಲಿ ಸೇರಿ 3 ಸಾವಿರ. ಉಳಿದದ್ದು ಆಂಪಿಗೆ ಎತ್ತಿಟ್ಟುಕೊಳ್ಳಿ. ದೊಡ್ಡ ಪರದೆಯ ಆಂಡ್ರಾಯ್ಡ್ ಸೆಟ್ಟಿಗೆ 10 ಸಾವಿರ ಸುರಿದರೆ ಈ ಲೆಕ್ಕ ಅಲ್ಲೇ ಮುರಿದುಬೀಳುತ್ತದೆ. ದಾರಿ ತೋರಿಸಲು ಜೇಬಿನಲ್ಲಿ ಫೋನಿದೆ. ಕಾರಿನ ಮೂಲ ವೈರನ್ನು ಕತ್ತರಿಸಲು ಬಿಡಬೇಡಿ, ನಿಮ್ಮ ಕಾರಿನ ಕಪ್ಲರನ್ನೇ ಕೇಳಿ ತರಿಸಿ.

ನನ್ನ ಕಾರಿಗೆ ಹಾಕಿಸಿಕೊಂಡು ಬಂದಾಗ ಬೇಸೇ ಇರಲಿಲ್ಲ, ಹೊಸ ಸ್ಪೀಕರೇ ಸರಿಯಿಲ್ಲವೆಂದು ಎರಡು ತಿಂಗಳು ಕೊರಗಿದೆ. ಬಿಚ್ಚಿ, 1.5 ವೋಲ್ಟಿನ ಸೆಲ್ಲಿನ ಪ್ಲಸ್ ತುದಿಯನ್ನು ವೈರಿನ ಪ್ಲಸ್‌ಗೆ ಮುಟ್ಟಿಸಿದೆ. ಬಲಗಡೆಯ ಕಾಗದ ಹೊರಗೆ ಜಿಗಿಯಿತು, ಎಡಗಡೆಯದು ಒಳಗೆ ಸರಿಯಿತು. ಒಂದರ ವೈರು ತಿರುವುಮುರುವಾಗಿತ್ತು, ಅಷ್ಟೆ. ಅಂಗಡಿಯಿಂದ ಹೊರಡುವ ಮೊದಲು ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬೇಸ್ ಕೇಳಿ, ಆಮೇಲೆ ನಡುವಿಗೆ ತನ್ನಿ. ನಡುವಿನಲ್ಲಿ ಬೇಸ್ ಕಡಿಮೆಯಾದರೆ ಆಗಲೇ ಬಿಚ್ಚಿಸಿ.