ಬೀಸುಕಲ್ಲೂ ಹಲ್ಲಿನ ಬುಡವೂ

ಬಳ್ಳಾರಿಯಿಂದ ಸಿರುಗುಪ್ಪದತ್ತ ಹೋಗುವಾಗ ತೆಕ್ಕಲಕೋಟೆಯ ಬಂಡೆಗುಡ್ಡಗಳನ್ನು ತಾವು ಕಂಡಿರಬಹುದು. ಕುರುಗೋಡಿನ ಗುಡ್ಡಗಳೂ ಇಂಥವೇ. ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಡಾ. ಎಂ. ಎಸ್. ನಾಗರಾಜರಾವ್ ಅವರು ಅಗೆದಾಗ ಸುಮಾರು ಮೂರೂವರೆ ಸಾವಿರ ವರ್ಷ ಹಿಂದಿನ ಮನೆಗಳ ನೆಲೆ, ಕಲ್ಲಿನ ಕೊಡಲಿಗಳು, ಸಮಾಧಿಗಳು ಹೊರಬಂದವು. ಬಳ್ಳಾರಿಯ ಪಕ್ಕದ ಸಂಗನಕಲ್ಲಿನಲ್ಲಿಯೂ ಅದೇ ಯುಗದವರು ಬಾಳಿದ್ದರು. ಕೊರಲೆ, ಹುರುಳಿ, ಹೆಸರು ಅವರ ಆಹಾರ. ಧಾನ್ಯ ಅರೆದು ಅರೆದು ಬಂಡೆಯಲ್ಲೇ ಗುಳಿ ಬಿದ್ದಿದೆ.

ಕಲ್ಲಿನಲ್ಲಿ ಅರೆದ ಹಿಟ್ಟಿಗೆ ಕಲ್ಲಿನ ಪುಡಿಯೂ ಸೇರುತ್ತದೆ. ಅಂಥ ಅನ್ನವನ್ನು ಅಗಿದವರ ಹಲ್ಲುಗಳು ಮೇಲಿನಿಂದ ಸವೆದು ಚಪ್ಪಟೆಯಾಗುವುದು ಜಗತ್ತಿನ ಅನೇಕ ಪ್ರಾಚೀನ ಬೇಸಾಯಗಾರರಲ್ಲಿ ಕಂಡುಬಂದಿದೆ. ನಮ್ಮ ಕಾಲದ ಸವೆತವೇ ಬೇರೆ. ಕನ್ನಡಿಯ ಮುಂದೆ ತುಟಿ ಎತ್ತಿ ನೋಡಿ: ಒಸಡಿನ ಅಂಚಿನಲ್ಲಿ, ಕೊಡಲಿಯಿಂದ ಕಚ್ಚು ಹಾಕಿದಂತೆ, ಹಲ್ಲಿನ ಬುಡ ತಗ್ಗಾಗಿದೆಯೇ? ತಣ್ಣೀರು ಬಿದ್ದರೆ ಜುಮ್ಮೆನ್ನುವುದು ಅಲ್ಲಿಯೇ. ದಕ್ಷಿಣ ಫ್ರಾನ್ಸಿನ ಹಳೆಯ ಹಾಗೂ ಈಗಿನ ಹಲ್ಲುಗಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ತಗ್ಗು ಕಂಡದ್ದು ಈಗಿನವರಲ್ಲಿ ಮಾತ್ರ.

ಇದರ ಕಾರಣ ಹುಡುಕಿದವರಲ್ಲಿ ಬರ್ಲಿನ್ನಿನಲ್ಲಿ ಕೆಲಸ ಮಾಡಿದ ಡಬ್ಲ್ಯು. ಡಿ. ಮಿಲ್ಲರ್ ಹಿರಿಯರು. ಕಿತ್ತ ಹಲ್ಲುಗಳನ್ನು ಬ್ರಷ್ಷು ಮತ್ತು ಹಲ್ಲುಪುಡಿಯಿಂದ ಉಜ್ಜಿ, ಅಂಥದೇ ಕಚ್ಚು ಬೀಳುವುದನ್ನು ಅವರು 1907ರಲ್ಲಿ ತೋರಿಸಿದರು. 1984ರಲ್ಲಿ ಲೀ ಮತ್ತು ಈಕಲ್ ಬೇರೆ ಮಾತು ಹೇಳಿದರು. ಮೇಲಿನ ಕೆಳಗಿನ ಹಲ್ಲುಗಳು ಸರಿಯಾಗಿ ಕೂಡದಿದ್ದರೆ, ಅಥವಾ ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ, ಭಾರ ಓರೆಯಾಗಿ ಬೀಳುತ್ತದೆ. ಗಾಳಿಗೆ ಬಾಗಿದ ಗಿಡದಂತೆ ಹಲ್ಲೂ ಕೊಂಚ ಬಾಗುತ್ತದೆ. ಎಳೆತ ಬುಡಕ್ಕೆ ತಗಲುತ್ತದೆ. ಒತ್ತಡವನ್ನು ಚೆನ್ನಾಗಿ ತಡೆಯುವ ಎನಾಮಲ್ ಎಳೆತವನ್ನು ತಡೆಯದು. ಬುಡದಲ್ಲಿ ಅದು ಬಹಳ ತೆಳು. ಹೀಗೆ ಹರಳುಗಳು ಸಡಿಲಿ ಉದುರುತ್ತವೆಂಬ ಈ ವಾದಕ್ಕೆ ಗ್ರಿಪ್ಪೋ 1991ರಲ್ಲಿ ‘ಆಬ್‌ಫ್ರ್ಯಾಕ್ಷನ್’ ಎಂದು ಹೆಸರಿಟ್ಟರು.

ವಾದ ಸೊಗಸಾಗಿದೆ, ಲೆಕ್ಕದಲ್ಲಿಯೂ ಎಳೆತ ಅಲ್ಲಿ ಕೂಡುವುದು ನಿಜ. ಆದರೆ ನನಗೆ ಒಂದು ಅನುಮಾನ. ಗಟ್ಟಿ ಧಾನ್ಯ ಅಗಿದ ಪೂರ್ವಿಕರ ದವಡೆಗೆ ಭಾರ ಕಡಿಮೆಯಿತ್ತೇ? ಭಾರವೊಂದೇ ಸಾಲುವುದಿದ್ದರೆ ಅವರ ಹಲ್ಲಿನಲ್ಲಿ ಕಚ್ಚು ತುಂಬಿರಬೇಕಿತ್ತು. ಎಳೆತದಿಂದ ಸಡಿಲಿದ ಬುಡಕ್ಕೆ ಹುಳಿಯೂ, ಅಡ್ಡಡ್ಡ ಬಲವಾಗಿ ಉಜ್ಜುವ ಬ್ರಷ್ಷೂ ಸೇರಿದಾಗ ಕಚ್ಚು ಬೀಳುತ್ತದೆಂದು ತಿಳಿಯುವುದೇ ಹೆಚ್ಚು ಸಮಂಜಸ.

ಮಾತು ಬರಿಯ ಪಾಂಡಿತ್ಯದ್ದಲ್ಲ. ಹಲ್ಲು ಕೂಡುವುದು ಸರಿಯಿಲ್ಲವೆಂದು ಗಟ್ಟಿ ಹಲ್ಲಿನ ತುದಿಯನ್ನು ತೇಯಿಸಿಕೊಂಡವರುಂಟು. ಹಾಗೆ ತೇಯ್ದು ಭಾರ ತಗ್ಗಿಸಿದ ಹಲ್ಲನ್ನೂ ತೇಯದ ಹಲ್ಲನ್ನೂ ಹೋಲಿಸಿ 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕಚ್ಚು ಬೆಳೆಯುವ ವೇಗಕ್ಕೆ ವ್ಯತ್ಯಾಸ ಕಾಣಲಿಲ್ಲ. ತೇಯ್ದ ಹಲ್ಲು ಮತ್ತೆ ಬೆಳೆಯದು. ಬ್ರಷ್ಷು ಹಿಡಿದ ಕೈಯನ್ನಾದರೋ ನಾಳೆ ಬೆಳಿಗ್ಗೆಯೇ ಹಗುರ ಮಾಡಬಹುದು.